ಬಲೆಗೀಟಿನ ಗಣಪತಿ, ಆಟಿ ತಿಂಗಳ ತುಕ್ಕು

ಪ್ರಶ್ನೆ: ಮಾಷ್ಟ್ರೇ, ನಮಸ್ಕಾರ. ಆನ್‌ಲೈನಿನಲ್ಲಿ ಒಂದು ಸಣ್ಣ ಗಣಪತಿ ಪದಕ ತರಿಸಿದ್ದೇನೆ. ಉಲ್ಕೆಯ ಕಬ್ಬಿಣದಲ್ಲಿ ಕೆತ್ತಿದ್ದಂತೆ. 1947ರಲ್ಲಿ ರಷ್ಯಾದಲ್ಲಿ ಬಿದ್ದ ಸಿಖೋಟೆ-ಅಲಿನ್ ಉಲ್ಕೆ ಎಂದು ಚೀಟಿಯಲ್ಲಿದೆ. ಮೈಮೇಲೆಲ್ಲ ಬಲೆ ನೇಯ್ದ ಹಾಗೆ ಸಪೂರ ಗೀಟುಗಳು. ಅಸಲಿಯಾ? ಇಂಥ ನಾಲ್ಕಾರು ತುಂಡು ಕೂಡಿಹಾಕುವ ಆಸೆ ಇದೆ. ಮನೆ ಕುಂಬಳೆಯಲ್ಲಿ, ಕಡಲಿಗೆ ಹತ್ತಿರ. ತುಕ್ಕು ಹಿಡಿದೀತಾ?

ಉತ್ತರ: ಚೀಟಿ ಮತ್ತು ಗೀಟು, ಎರಡರಲ್ಲಿ ಒಂದಂತೂ ಸುಳ್ಳು. ಸಿಖೋಟೆ-ಅಲಿನ್ ಕಬ್ಬಿಣದ ಗೀಟುಗಳು, ಅಂದರೆ ಲೋಹದೊಳಗಿನ ಪಟ್ಟಿಗಳು, ತುಂಬ ಅಗಲ, ಮೂರು ಮಿಲಿಮೀಟರಿಗಿಂತಲೂ ಜಾಸ್ತಿ. ಬೆರಳ ತುದಿಯಷ್ಟಿನ ಗಣಪತಿಯ ಮೇಲೆ ಅಂಥ ಒಂದೆರಡು ಪಟ್ಟಿ ಹಿಡಿಸಿದರೆ ಹೆಚ್ಚು. ಬಲೆಯ ಹಾಗೆ ಕಾಣುವ ಸಪೂರ ಗೀಟು ಸ್ವೀಡನ್ನಿನ ಮುವೋನಿಯೋನಲುಸ್ತಾ, ನಮೀಬಿಯಾದ ಗಿಬಿಯನ್ ಉಲ್ಕೆಗಳದ್ದು. ಅವುಗಳ ಪಟ್ಟಿ ಸುಮಾರು ಕಾಲು ಮಿಲಿಮೀಟರ್ ಅಷ್ಟೇ. ಹಾಗಾಗಿ ನಿಮ್ಮದು ಬೇರೆ ಅಸಲಿ ಉಲ್ಕೆಗೆ ತಪ್ಪು ಹೆಸರು ಅಂಟಿಸಿದ್ದಾಗಿರಬಹುದು, ಅಥವಾ ಸ್ಟೀಲಿನ ಮೇಲೆ ಲೇಸರಿನಲ್ಲಿ ಬರೆದದ್ದಾಗಿರಬಹುದು.

ಪರೀಕ್ಷೆಗೆ ಪ್ರಯೋಗಾಲಯ ಬೇಡ, ಕಿಟಕಿ ಸಾಕು. ಬೆಳಗ್ಗಿನ ಬಿಸಿಲಿಗೆ ಪದಕ ಹಿಡಿದು ನಿಧಾನ ತಿರುಗಿಸಿ. ಅಸಲಿಯಾದರೆ ಒಂದೇ ದಿಕ್ಕಿಗೆ ಓಡುವ ಪಟ್ಟಿಗಳೆಲ್ಲ ಒಟ್ಟಿಗೆ ಮಿಂಚುತ್ತವೆ. ಇನ್ನೂ ಸ್ವಲ್ಪ ತಿರುಗಿಸಿದರೆ ಅವು ಮಂಕಾಗಿ, ಅಡ್ಡ ಹೋಗುವ ಪಟ್ಟಿಗಳು ಬೆಳಗುತ್ತವೆ. ಆಮೇಲೆ ಸೊಂಡಿಲು, ಹೊಟ್ಟೆ, ಬೆನ್ನು ನೋಡಿ. ಗೀಟು ಮೇಲ್ಮೈಯದ್ದಲ್ಲ, ಲೋಹದ ಒಳಗಿನದ್ದು. ಹೊಟ್ಟೆಯ ಉಬ್ಬು ಬಂದಲ್ಲಿ ಗೀಟಿನ ಕೋನ ಬದಲಾಗಬೇಕು, ಅಂಚು ದಾಟಿ ಬೆನ್ನಿಗೂ ಹೋಗಬೇಕು. ಎದುರಿನಲ್ಲಿ ಮಾತ್ರ ಚೆಂದ ಇದ್ದು ಅಂಚು ಬೋಳಾಗಿದ್ದರೆ ಸಂಶಯಪಡಿ.

ಒಂದು ಆಯಸ್ಕಾಂತ ಕೂಡಾ ಬೇಕು. ಉಲ್ಕೆಯ ಕಬ್ಬಿಣ ಅದನ್ನು ಗಟ್ಟಿಯಾಗಿ ಹಿಡಿಯುತ್ತದೆ. ಸಾಮಾನ್ಯ ಸ್ಟೀಲ್ ಲೋಟಕ್ಕೆ ಅದು ಸರಿಯಾಗಿ ಅಂಟುವುದಿಲ್ಲ. ಇನ್ನೂ ಅನುಮಾನವಿದ್ದರೆ ಗುರುತಿನ ಚಿನ್ನದಂಗಡಿಯಲ್ಲಿ ಪರಿಶುದ್ಧತೆ ನೋಡುವ ಯಂತ್ರದಲ್ಲಿ ಇಟ್ಟು ನೋಡಲು ಕೇಳಿ. ಆ ಯಂತ್ರದಲ್ಲಿ ಬೇರೆ ಲೋಹ ಅಳೆಯುವ ಸೆಟ್ಟಿಂಗ್ ಇರಬೇಕು. ಕಬ್ಬಿಣದ ಜೊತೆ ಏಳೆಂಟು ಶೇಕಡಾ ನಿಕಲ್ ಇದ್ದು ಕ್ರೋಮಿಯಂ ಇಲ್ಲವೇ ಇಲ್ಲ ಎನ್ನುವಷ್ಟಿದ್ದರೆ ಒಳ್ಳೆಯ ಲಕ್ಷಣ. 18 ಶೇಕಡಾ ಕ್ರೋಮಿಯಂ ತೋರಿಸಿದರೆ ಅದು ನಮ್ಮ ಲೋಟದ ತಮ್ಮ.

ಈ ಗೀಟು ಹುಟ್ಟಿದ್ದು ಕ್ಷುದ್ರಗ್ರಹವೊಂದರ ಒಡಲಲ್ಲಿ. ಕಬ್ಬಿಣ, ನಿಕಲ್ ಸೇರಿದ ಬಿಸಿ ಲೋಹ ಹತ್ತು ಲಕ್ಷ ವರ್ಷಕ್ಕೆ ಕೆಲವು ನೂರು ಅಥವಾ ಕೆಲವು ಸಾವಿರ ಡಿಗ್ರಿಯ ಲೆಕ್ಕದಲ್ಲಿ ತಣಿಯುವಾಗ ನಿಕಲ್ ಕಡಿಮೆ ಇರುವ ಪದರ, ಜಾಸ್ತಿ ಇರುವ ಪದರ ಬೇರೆಬೇರೆಯಾದವು. ಗೀಟು ಎದ್ದು ಕಾಣಲೆಂದು ಉಜ್ಜಿದ ಲೋಹಕ್ಕೆ ಹಾಕುವ ಆಸಿಡ್ ಮೊದಲನೆಯದನ್ನು ಬೇಗ ತಿನ್ನುತ್ತದೆ. ಎರಡನೆಯದು ಸಣ್ಣ ಏಣಿನ ಹಾಗೆ ಉಳಿಯುತ್ತದೆ, ಉಗುರಿಗೂ ಸಿಗುತ್ತದೆ. 1808ರಲ್ಲಿ ವಿಯೆನ್ನಾದಲ್ಲಿ ಇದನ್ನು ಕಂಡ ವಿಡ್ಮನ್‌ಸ್ಟಾಟನ್ ಹೆಸರೇ ಇದಕ್ಕೆ ಉಳಿದಿದೆ. ಆದರೆ 1804ರಲ್ಲೇ ನೇಪಲ್ಸಿನಲ್ಲಿ ವಿಲಿಯಂ ಥಾಮ್ಸನ್ ತುಕ್ಕು ತೆಗೆಯಲೆಂದು ನೈಟ್ರಿಕ್ ಆಸಿಡ್ ಹಾಕಿ ಇದನ್ನು ಕಂಡಿದ್ದರು. ಪಾಪ, ಹೆಸರು ಮಾತ್ರ ಸಿಗಲಿಲ್ಲ.

ಕುಲುಮೆಯಲ್ಲಿ ಕೆಂಪಗೆ ಕಾಯಿಸಿದರೆ ಈ ಗೀಟು ಅಳಿಸಿಹೋಗುತ್ತದೆ. ಆದ್ದರಿಂದ ಅಸಲಿ ಕೆತ್ತನೆಯೆಲ್ಲ ತಣ್ಣನೆಯ ಗಟ್ಟಿಯಿಂದ ಕೊಯ್ದು, ಉಜ್ಜಿ ಮಾಡಿದ್ದು. 1621ರಲ್ಲಿ ಜಲಂಧರದ ಬಳಿ ಬಿದ್ದ ಉಲ್ಕೆಯಿಂದ ಜಹಾಂಗೀರ್ ಕತ್ತಿ, ಚೂರಿ ಮಾಡಿಸಿದ್ದ. ಅದಕ್ಕೆ ಮೂರು ಪಾಲು ಉಲ್ಕೆ, ಒಂದು ಪಾಲು ಸಾದಾ ಕಬ್ಬಿಣ ಸೇರಿಸಿ ಬಡಿದಿದ್ದರು. ಅಂಥ ಚೂರಿಯಲ್ಲಿ ಅಲೆಯ ಹಾಗಿನ ಗೀಟು ಬರಬಹುದು, ಈ ಬಲೆ ಬರುವುದಿಲ್ಲ. ‘ಬಡಿದು ಮಾಡಿದ ಉಂಗುರ, ಬಲೆಗೀಟು ಗ್ಯಾರಂಟಿ’ ಎಂದರೆ ಹಣ ಕೊಡಬೇಡಿ. ಶನಿದೋಷಕ್ಕೆ ಒಳ್ಳೆಯದು ಅಂತ ಇಮ್ಮಡಿ ಬೆಲೆ ಹೇಳುವವರಿಗಂತೂ ಸುಮ್ನೆ ಕೈಮುಗಿದು ಬನ್ನಿ.

ಇನ್ನು ತುಕ್ಕು. ನಿಜವಾದ ತಲೆಬಿಸಿ ಇದೇ. ಮುವೋನಿಯೋನಲುಸ್ತಾ ಕೊಯ್ದ ಹಲಗೆಯೊಂದನ್ನು ನಾನು ಪುಸ್ತಕದ ಕಪಾಟಿನಲ್ಲಿ ಇಟ್ಟಿದ್ದೆ. ಆಟಿ ತಿಂಗಳ ಮಳೆ ಮುಗಿದು ನೋಡಿದರೆ ಅಂಚಿನಲ್ಲಿ ಕಂದು ಹನಿಗಳು, ಕೆಳಗಿನ ಕಾಗದದಲ್ಲಿ ಬೆಲ್ಲದ ನೀರು ಚೆಲ್ಲಿದಂಥ ಕಲೆ. ತಪ್ಪು ನನ್ನದೇ. ನೆಲದಲ್ಲಿ ಬಹುಕಾಲ ಬಿದ್ದಿದ್ದ ಉಲ್ಕೆಯ ಬಿರುಕಿನಲ್ಲಿ ಕ್ಲೋರೈಡ್, ಅಂದರೆ ಉಪ್ಪಿನಲ್ಲಿರುವ ಅಂಶ, ಸೇರಿರುತ್ತದೆ. ಅದಕ್ಕೆ ತೇವ ಸಿಕ್ಕಿದರೆ ಒಳಗಿನಿಂದಲೇ ತಿನ್ನುತ್ತದೆ. ನಮ್ಮ ಉಪ್ಪುಗಾಳಿ, ಬೆರಳ ಬೆವರು ಅದಕ್ಕೆ ಕೈಜೋಡಿಸುತ್ತವೆ.

ಮಾಡಬೇಕಾದ್ದು ಇಷ್ಟೆ. ಪದಕವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆದು, ಬಿಸಿಗಾಳಿಯಲ್ಲಿ ಚೆನ್ನಾಗಿ ಒಣಗಿಸಿ. ತೆಳ್ಳಗೆ ಮೈಕ್ರೊಕ್ರಿಸ್ಟಲೈನ್ ವ್ಯಾಕ್ಸ್ ಹಚ್ಚಿ. ರಬ್ಬರ್ ವಾಷರ್ ಇರುವ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ಬದಲಾಗುವ ಜೆಲ್ ತಗೊಳ್ಳಿ, ಮಳೆಗಾಲದಲ್ಲಿ ಅದನ್ನು ಆಗಾಗ ಬಿಸಿಮಾಡಿ ಒಣಗಿಸಬೇಕಾಗುತ್ತದೆ. ಕೊರಳಿಗೆ ಹಾಕುವುದಾದರೆ ಮದುವೆ, ಪೂಜೆಗೆ ಸಾಕು. ದಿನಾ ಬೇಡ.

ಗೀಟು ಮಸುಕಾದರೆ ಮನೆಯಲ್ಲಿ ಆಸಿಡ್ ಹಾಕಲು ಹೋಗಬೇಡಿ. ನೈಟ್ರಿಕ್ ಆಸಿಡಿನ ಹೊಗೆ ಶ್ವಾಸಕೋಶಕ್ಕೆ ಕೆಡುಕು. ಸರ್ಕಿಟ್ ಬೋರ್ಡಿಗೆ ಬಳಸುವ ಫೆರಿಕ್ ಕ್ಲೋರೈಡಿಗೆ ಅಂಥ ಹೊಗೆಯಿಲ್ಲ, ಆದರೆ ಹೆಸರಲ್ಲೇ ಇದೆ ನೋಡಿ ಕ್ಲೋರೈಡ್. ಕಳ್ಳನ ಕೈಗೇ ಬೀಗದಕೈ ಕೊಟ್ಟ ಹಾಗೆ.

ಪ್ರಶ್ನೆ: ಬದಿಯಡ್ಕದ ಹತ್ತಿರ ಕೆಂಪುಕಲ್ಲಿನ ಕೋರೆಯಲ್ಲಿ ಮುಷ್ಟಿಗಾತ್ರದ ಕಪ್ಪು, ಭಾರದ ಕಲ್ಲು ಸಿಕ್ಕಿದೆ. ಆಯಸ್ಕಾಂತ ಸ್ವಲ್ಪ ಹಿಡಿಯುತ್ತದೆ. ಕೊಯ್ಸಿ ಆಸಿಡ್ ಹಾಕಿ ನೋಡಲಾ, ಮಾಷ್ಟ್ರೇ?

ಉತ್ತರ: ತಡೆಯಿರಿ, ಮೊದಲು ತೂಗಿ. ಡಿಜಿಟಲ್ ತೂಕದ ಮೇಲೆ ನೀರಿನ ಪಾತ್ರೆ ಇಟ್ಟು ಸೊನ್ನೆ ಮಾಡಿ. ಕಲ್ಲಿಗೆ ನೂಲು ಕಟ್ಟಿ, ತಳ ತಾಗದಂತೆ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ಒಣ ತೂಕವನ್ನು ಈಗ ಬಂದ ಅಂಕಿಯಿಂದ ಭಾಗಿಸಿ. 7.5ರಿಂದ 8ರ ಒಳಗೆ ಬಂದರೆ ಲೋಹ. ಮೂರು, ನಾಲ್ಕು ಬಂದರೆ ಹೆಚ್ಚಾಗಿ ಕೆಂಪುಕಲ್ಲಿನ ಗಂಟು, ಇಲ್ಲವೇ ಹಳೆ ಕಮ್ಮಾರಸಾಲೆಯ ಕಿಟ್ಟ. ಕಿಟ್ಟದಲ್ಲಿ ಗುಳ್ಳೆಗಳ ತೂತು ಕಾಣುತ್ತದೆ. ನನಗೆ ಜನ ತೋರಿಸುವ ‘ಉಲ್ಕೆ’ಗಳು ಬಹುಪಾಲು ಇವೆರಡೇ.

ಹಾಗಂತ ದಕ್ಷಿಣದಲ್ಲಿ ಸಿಕ್ಕೇ ಇಲ್ಲ ಎಂದಲ್ಲ. 1898ರಲ್ಲಿ ಕೊಡೈಕನಾಲಿನಲ್ಲಿ ಕಬ್ಬಿಣದ ಉಲ್ಕೆ ಸಿಕ್ಕಿತ್ತು. ಅಂಕಿ ಎಂಟರ ಹತ್ತಿರ ಬಂದರೆ ಕೊಯ್ಯುವುದು, ಉಜ್ಜುವುದು, ಬಲವಾದ ಆಯಸ್ಕಾಂತ ಹಚ್ಚುವುದು ಎಲ್ಲ ನಿಲ್ಲಿಸಿ. ಸಿಕ್ಕಿದ ಜಾಗದ ಫೋಟೋ ತೆಗೆದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ ಬರೆಯಿರಿ. ನಮ್ಮ ದೇಶದಲ್ಲಿ ಬಿದ್ದ ಉಲ್ಕೆಗಳನ್ನು ಕಾಯುವುದು ಅವರ ಕೆಲಸ. ಅಂಕಿ ಮೂರರ ಹತ್ತಿರವೇ ಬಂದರೆ ಬಾಗಿಲಿಗೆ ಅಡ್ಡ ಇಡಲು ಒಳ್ಳೆಯ ಕಲ್ಲು. ನನ್ನ ಮನೆಯಲ್ಲೂ ಅಂಥದ್ದೇ ಒಂದಿದೆ.