ಗಡಿಯಾರ ಪ್ರಶ್ನೋತ್ತರ: ಕಲ್ಲಿನ ಡಯಲ್ ಮೇಲೊಂದು ಗೀಟು

ಪ್ರಶ್ನೆ: ನಮ್ಮ ತಂದೆ 1970ರ ದಶಕದಿಂದ ಕಟ್ಟುತ್ತಿದ್ದ ಸ್ವಿಸ್ ಚಿನ್ನದ ವಾಚ್ ಈಗ ನನ್ನ ಹತ್ತಿರ ಇದೆ. ಡಯಲ್ ಪಟ್ಟೆ ಪಟ್ಟೆಯ ಹಸಿರು ಕಲ್ಲು, ಮ್ಯಾಲಕೈಟ್. ಮುಳ್ಳುಗಳ ಬುಡದಿಂದ ನಾಲ್ಕು ಗಂಟೆಯ ಕಡೆಗೆ ಕೂದಲೆಳೆಯಂಥ ಗೀಟು ಕಾಣುತ್ತದೆ. ಬೇರೆ ಡಯಲ್ ಹಾಕಿ ಕೇಸ್ ಪಾಲಿಶ್ ಮಾಡಿಸಿ ಅಂತ ರಿಪೇರಿಯವರು ಹೇಳಿದರು. ಮಾಡಿಸಲಾ?

ಉತ್ತರ: ದಯವಿಟ್ಟು ಎರಡೂ ಬೇಡ. ಮೊದಲು ಆ ಗೀಟು ಏನು ಅಂತ ನೋಡೋಣ. ಕಿಟಕಿಯ ಬೆಳಕು ಪಕ್ಕದಿಂದ ಬೀಳುವ ಹಾಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡುತ್ತಾ ವಾಚನ್ನು ನಿಧಾನಕ್ಕೆ ಓರೆ ಮಾಡಿ. ಮ್ಯಾಲಕೈಟ್‌ನ ಸ್ವಂತ ಗೆರೆಗಳು ಒಂದರ ಬೆನ್ನಿಗೆ ಒಂದು ಬಾಗಿಕೊಂಡು ಹೋಗುತ್ತವೆ. ಬಿರುಕು ಹಾಗಲ್ಲ. ಅದು ಪಟ್ಟೆಗಳನ್ನು ಅಡ್ಡಡ್ಡ ಕತ್ತರಿಸುತ್ತದೆ, ಒಂದು ಕೋನದಲ್ಲಿ ಬೆಳ್ಳಗೆ ಮಿನುಗುತ್ತದೆ. ನಿಮ್ಮದು ಮುಳ್ಳಿನ ಬುಡದಿಂದಲೇ ಹೊರಟಿದೆ ಅಂದಿರಿ. ಹಾಗಿದ್ದರೆ ಬಿರುಕೇ ಇರಬೇಕು.

ಯಾಕೆ ಅಲ್ಲಿಂದಲೇ? ಈ ಡಯಲ್ ಅಂದರೆ ತೆಳ್ಳಗೆ ಸೀಳಿ, ಉಜ್ಜಿ, ಲೋಹದ ತಗಡಿನ ಮೇಲೆ ಅಂಟಿಸಿದ ಕಲ್ಲು. ಮುಳ್ಳುಗಳಿಗಾಗಿ ನಡುವೆ ತೂತು ಕೊರೆಯಬೇಕು. ಕಲ್ಲು ಸೋಲುವುದು ಅಲ್ಲೇ. ಕೆಲಸ ಕಲಿಯುವ ದಿನಗಳಲ್ಲಿ ಇಂಥದ್ದೇ ಹಸಿರು ಡಯಲ್ ನನ್ನ ಕೈಗೆ ಬಂದಿತ್ತು. ಮುಳ್ಳು ಕೀಳಲು ಮೀಟುಗೋಲನ್ನು ಕಲ್ಲಿಗೇ ಆನಿಸಿ ಒತ್ತಿದೆ. ಟಿಕ್ ಅಂತ ಸಣ್ಣ ಸದ್ದು. ವಾಚಿನ ಒಡತಿ ಬಹಳ ಹೊತ್ತು ನೋಡಿ, ‘ಮೊದಲಿನ ಹಾಗೆ ಆಗಲ್ವಾ?’ ಅಂತ ಕೇಳಿದರು. ಆಗಲ್ಲ ಅಂದೆ. ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಆಮೇಲಿಂದ ಕಲ್ಲಿನ ಡಯಲ್ ಕಂಡರೆ ಮೊದಲು ಮುಳ್ಳಿನ ಅಡಿಗೆ ಪ್ಲಾಸ್ಟಿಕ್ ಹಾಳೆ ಇಡುತ್ತೇನೆ, ಆಮೇಲೆ ಸಾಧನ ಹಿಡಿಯುತ್ತೇನೆ.

ಒಂದು ಕಲ್ಲಿನ ಪಟ್ಟೆ ಇನ್ನೊಂದರಲ್ಲಿ ಬರುವುದಿಲ್ಲ. ‘ಅಂಥದ್ದೇ’ ಡಯಲ್ ಹಾಕಿದರೂ ನಿಮ್ಮ ತಂದೆ ದಿನಾ ನೋಡುತ್ತಿದ್ದ ಹಸಿರು ಅದಲ್ಲ. ಕಲ್ಲಿನ ಡಯಲ್ ಬಂದ ಕಥೆ ಹೀಗಿದೆ: 1957ರಲ್ಲಿ ಪಿಯಾಜೆ ಎಂಬ ಸ್ವಿಸ್ ವಾಚ್ ಕಂಪನಿ 9ಪಿ ಹೆಸರಿನ, 2 ಮಿಲಿಮೀಟರ್ ದಪ್ಪದ ಯಂತ್ರ ತಂದಿತು. ಯಂತ್ರ ಅಷ್ಟು ತೆಳುವಾದ್ದರಿಂದ ಮೇಲೆ ಕಲ್ಲು ಕೂರಿಸಲು ಜಾಗ ಸಿಕ್ಕಿತು, ವಾಚ್ ಆದರೂ ತೆಳ್ಳಗೇ ಉಳಿಯಿತು. 1960ರ ದಶಕದಲ್ಲಿ ಲ್ಯಾಪಿಸ್, ಜೇಡ್, ಟೈಗರ್ಸ್ ಐ ಮೊದಲಾದ ಬಣ್ಣದ ಕಲ್ಲುಗಳೆಲ್ಲ ಡಯಲ್ ಆದವು. ಅಮೆರಿಕ ಅಧ್ಯಕ್ಷ ಕೆನಡಿಯ ಪತ್ನಿ ಜಾಕ್ವೆಲಿನ್ ಕಟ್ಟುತ್ತಿದ್ದ ಪಿಯಾಜೆಯಲ್ಲಿ ಇದ್ದದ್ದು ಜೇಡ್. ಡಯಲ್ ಆಗುವ ಕಲ್ಲುಗಳಲ್ಲಿ ಮ್ಯಾಲಕೈಟ್ ಬಹಳ ಮೆದು. ಮೋಸ್ ಮಾಪನದಲ್ಲಿ ಅದರ ಗಡಸುತನ 3.5ರಿಂದ 4, ಟೈಗರ್ಸ್ ಐನದು ಸುಮಾರು 7. ಸಾಲದ್ದಕ್ಕೆ ಅದು ತಾಮ್ರದ ಖನಿಜ, ಹುಳಿ ತಾಗಿದರೆ ಹೊಳಪು ಹೋಗುತ್ತದೆ. ಸರ್ವಿಸ್‌ಗೆ ಕೊಟ್ಟಾಗ ಒಂದೇ ಮಾತು ಹೇಳಿ: ಡಯಲ್‌ಗೆ ಯಾವ ದ್ರವವೂ ಬೇಡ, ಒಣ ಮೆತ್ತನೆಯ ಬ್ರಷ್ ಸಾಕು.

ಬಿರುಕನ್ನು ಹಾಗೇ ಬಿಡಿ. ಇವತ್ತೊಂದು ಫೋಟೊ ತೆಗೆಯಿರಿ, ಆರು ತಿಂಗಳಿಗೆ ಇನ್ನೊಂದು. ಉದ್ದ ಆಗದಿದ್ದರೆ ಚಿಂತೆಯಿಲ್ಲ. ಅಂಚಿನಲ್ಲಿ ಚೂರು ಏಳುವ ಹಾಗೆ ಕಂಡರೆ ಮಾತ್ರ ವಾಚ್ ನಿಲ್ಲಿಸಿ. ಕಲ್ಲಿನ ಹರಳು ಯಂತ್ರಕ್ಕೆ ಬಿದ್ದರೆ ಕಷ್ಟ.

ಪಾಲಿಶ್ ಯಾಕೆ ಬೇಡ ಅಂದರೆ, ಚಿನ್ನ ಸವೆಯುತ್ತದೆ. ಅಂಚುಗಳು ಮೊಂಡಾಗುತ್ತವೆ, ಮುದ್ರೆ ಅಳಿಸುತ್ತದೆ. ಕೇಸ್ ಮೇಲೆ ಪುಟ್ಟ ಹೆಂಗಸಿನ ತಲೆಯ ಮುದ್ರೆ ಇದೆಯಾ ನೋಡಿ. 1995ರವರೆಗೆ ಸ್ವಿಸ್ 18 ಕ್ಯಾರಟ್ ಚಿನ್ನದ ಗುರುತು ಅದು. ಆಮೇಲೆ ಸೇಂಟ್ ಬರ್ನಾರ್ಡ್ ನಾಯಿಯ ತಲೆ ಬಂತು.

ಪ್ರಶ್ನೆ: ನನ್ನ ಹಳೇ ವಾಚಿನ ನೀಲಿ ಲ್ಯಾಪಿಸ್ ಡಯಲ್‌ನಲ್ಲಿ ಚಿನ್ನದ ಬಣ್ಣದ ಚುಕ್ಕೆಗಳಿವೆ. ಕೊಳೆಯಾ?

ಉತ್ತರ: ಕೊಳೆಯಲ್ಲ, ಪೈರೈಟ್ ಅನ್ನುವ, ಚಿನ್ನದ ಹಾಗೆ ಹೊಳೆಯುವ ಖನಿಜ. ಕಲ್ಲಿನ ಜೊತೆಗೇ ಹುಟ್ಟಿದ್ದು. ಸುಮ್ನೆ ನೋಡಿ ಖುಷಿಪಡಿ, ತೆಗೆಸಲು ಹೋಗಬೇಡಿ.