ಗಂಡನ ಕಾಲೇಜಿನಲ್ಲಿ ಒಂದು ವಾರ

ಅಕ್ಕಾ ಅಂತ ಕರೆದು ಕೇಳಿದ್ದೀರಿ. ಅಮೆರಿಕಕ್ಕೆ ಬಂದು ಐದು ತಿಂಗಳು. ನಿಮ್ಮ ಮನೆಯವರು ನ್ಯೂಯಾರ್ಕ್ ರಾಜ್ಯದ ಇಥಾಕಾ ಊರಿನ ಕಾರ್ನೆಲ್ ಯೂನಿವರ್ಸಿಟಿಯಲ್ಲಿ ಎಂ.ಎಸ್. ಮಾಡಿದವರು. ಹಳೆ ವಿದ್ಯಾರ್ಥಿಗಳು ಸಂಸಾರ ಸಮೇತ ಬೇಸಿಗೆಯಲ್ಲಿ ಒಂದು ವಾರ ಬಂದು ಪಾಠ ಕೇಳಬಹುದು ಅಂತ ಅಲ್ಲಿಂದ ಕರೆ ಬಂದಿದೆ. "ಮೈಸೂರಲ್ಲಿ ಬಿ.ಕಾಂ. ಮಾಡಿದ ನಾನು ಅಲ್ಲಿ ಹೋಗಿ ಏನು ಮಾಡಲಿ? ಮಗನಿಗೆ ಆರು ವರ್ಷ, ಜುಲೈಗೆ ಅತ್ತೆ ಬೇರೆ ಬರುತ್ತಾರೆ" ಅನ್ನುವುದು ನಿಮ್ಮ ಚಿಂತೆ.

ಹೋಗಿ. ಆದರೆ ನಿಮ್ಮ ಮನೆಯವರು ಕೂರುವ ಕ್ಲಾಸಿನಲ್ಲಿ ಕೂರಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಇದರ ಹೆಸರು ಕಾರ್ನೆಲ್ಸ್ ಅಡಲ್ಟ್ ಯೂನಿವರ್ಸಿಟಿ. ಎಲ್ಲರೂ ಸಿಎಯು ಅನ್ನುತ್ತಾರೆ. 1968ರಲ್ಲಿ ಶುರುವಾದದ್ದು. ಪರೀಕ್ಷೆ ಇಲ್ಲ, ಮಾರ್ಕ್ಸ್ ಇಲ್ಲ, ಡಿಗ್ರಿ ಇಲ್ಲ. ವಾರಕ್ಕೆ ಒಬ್ಬರಿಗೆ ಒಂದೇ ವಿಷಯ. ಮಕ್ಕಳಿಗೆ ವಯಸ್ಸಿಗೆ ತಕ್ಕ ಹಾಗೆ ಬೇರೆ ಗುಂಪು. ಅಲ್ಲಿ ಓದಿದವರೇ ಆಗಬೇಕು ಅಂತಲೂ ಇಲ್ಲ, ಹೊರಗಿನವರೂ ಸೇರಬಹುದು. ಹಾಗಾಗಿ 'ಇಂಥವರ ಹೆಂಡತಿ' ಅಂತ ಮುದುರಿಕೊಂಡು ಹೋಗುವ ಅಗತ್ಯವೇ ಇಲ್ಲ. ಇಕಾರ್ನೆಲ್ ಅಂತ ಇನ್ನೊಂದಿದೆ. ಅದು ಆನ್‌ಲೈನ್ ಸರ್ಟಿಫಿಕೇಟಿನ ಕಥೆ, ಕೆಲಸ ಹುಡುಕುವವರಿಗೆ. ಸಿಎಯುನಿಂದ ಕೆಲಸ ಸಿಗುತ್ತದೆ ಅಂದುಕೊಂಡು ದುಡ್ಡು ಕಟ್ಟಬೇಡಿ.

ವೀಸಾ ಕೇಳಿದ್ದಿರಿ. ಗಂಡನ ಕೆಲಸದ ವೀಸಾ ಜೊತೆ ಹೆಂಡತಿಗೆ ಸಿಗುವ ಎಚ್-4ರಲ್ಲಿ ಓದುವುದಕ್ಕೆ ಅಡ್ಡಿಯಿಲ್ಲ. ಅತ್ತೆ ಬಿ-2 ಅನ್ನುವ ಪ್ರವಾಸಿ ವೀಸಾದಲ್ಲಿ ಬಂದರೂ ಡಿಗ್ರಿಗೆ ಲೆಕ್ಕವಾಗದ, ಹವ್ಯಾಸಕ್ಕೆ ಅನ್ನುವಂಥ ಪುಟ್ಟ ಕೋರ್ಸಿಗೆ ಹೋಗಬಹುದು.

ಈಗ ನನ್ನ ಕಥೆ. ಮೊದಲ ಸಲ ಹೋದಾಗ ನಾನೂ ನಮ್ಮವರೂ ಒಂದೇ ಕ್ಲಾಸು ತಗೊಂಡೆವು. ಯಾರಾದರೂ ನನ್ನನ್ನು ಏನಾದರೂ ಕೇಳಿದರೆ ಉತ್ತರ ಪಕ್ಕದ ಕುರ್ಚಿಯಿಂದ ಬರುತ್ತಿತ್ತು! ಪಾಪ, ನನಗೆ ಸಹಾಯ ಅಂತಲೇ ಮಾಡಿದ್ದು. ಐದು ದಿನದಲ್ಲಿ ನಾನು ಬಾಯಿ ಬಿಟ್ಟದ್ದು ಎರಡೋ ಮೂರೋ ಸಲ.

ಮುಂದಿನ ಸಲ ಅವರು ಇತಿಹಾಸಕ್ಕೆ, ನಾನು ಹಕ್ಕಿಗಳಿಗೆ. ಊರಾಚೆ ಸ್ಯಾಪ್‌ಸಕ್ಕರ್ ವುಡ್ಸ್ ಅನ್ನುವ ಕಾಡಿದೆ. ಕಾರ್ನೆಲ್‌ನ ಪಕ್ಷಿಶಾಸ್ತ್ರ ಕೇಂದ್ರ ಇರುವುದು ಅಲ್ಲೇ. ಫೋನ್ ಎತ್ತಿ ಹಿಡಿದರೆ ಕೂಗು ಕೇಳಿ ಹಕ್ಕಿಯ ಹೆಸರು ಹೇಳುವ ಮರ್ಲಿನ್ ಆ್ಯಪ್ ಅವರದೇ. ಬೆಳಿಗ್ಗೆ ಬೇಗ ಕೊಳದ ಹತ್ತಿರ ನಿಂತಿದ್ದೆವು. ಬೂದುನೀಲಿ ಬಣ್ಣದ ಎತ್ತರದ ಹಕ್ಕಿಯೊಂದು ಒಂಟಿ ಕಾಲಲ್ಲಿ ನಿಂತಿತ್ತು. ಗ್ರೇಟ್ ಬ್ಲೂ ಹೆರಾನ್. ಪಕ್ಕದಲ್ಲಿದ್ದ ಎಪ್ಪತ್ತು ದಾಟಿದ ಅಜ್ಜ "ನಿಮ್ಮ ಭಾಷೆಯಲ್ಲಿ ಇದಕ್ಕೇನು ಅಂತಾರೆ?" ಅಂದರು. "ಕೊಕ್ಕರೆ" ಅಂದೆ. ಬರೆದುಕೊಂಡರು. ಅಷ್ಟರಲ್ಲಿ ಇನ್ನೊಂದು ಬಂತು, ಗಿಡ್ಡದ್ದು, ಹಸಿರು ಮೈ. "ಇದಕ್ಕೆ?" ಮತ್ತೆ "ಕೊಕ್ಕರೆ" ಅಂದೆ. ಅಜ್ಜ ಪೆನ್ನು ಹಿಡಿದು ನನ್ನ ಮುಖ ನೋಡಿದರು, ನಕ್ಕರು. ನನಗೂ ನಗು ತಡೆಯಲಿಲ್ಲ.

ನಾನು ಮದ್ದೂರಿನ ಕಡೆಯವಳು. ಕೊಕ್ಕರೆ ಬೆಳ್ಳೂರು ನಮ್ಮದೇ ತಾಲ್ಲೂಕು. ಅಲ್ಲಿ ಮನೆ ಹಿತ್ತಲಿನ ಹುಣಸೆಮರದಲ್ಲೇ ಹೆಜ್ಜಾರ್ಲೆ, ಅಂದರೆ ಪೆಲಿಕನ್ ಹಕ್ಕಿ, ಗೂಡು ಕಟ್ಟುತ್ತದೆ. ಹುಡುಗಿಯಾಗಿದ್ದಾಗ ಒಂದು ಸಲವೂ ನೆಟ್ಟಗೆ ನಿಂತು ನೋಡಿದವಳಲ್ಲ. ಆ ವಾರ ಮಧ್ಯಾಹ್ನದ ಊಟದಲ್ಲಿ ನಾನೇ ಮಾತಾಡಿದೆ, ನಮ್ಮವರು ಕೇಳಿಸಿಕೊಂಡರು. ಬೇರೆ ಬೇರೆ ಕ್ಲಾಸು ತಗೊಳ್ಳಿ ಅಂದದ್ದು ಇದಕ್ಕೇ.

ಅತ್ತೆಯ ವಿಷಯ. ಇಂಗ್ಲಿಷ್ ಕಷ್ಟವಾದರೆ ದಿನವಿಡೀ ಉಪನ್ಯಾಸದಲ್ಲಿ ಕೂರಿಸಬೇಡಿ, ಪಾಪ. ಮಣ್ಣಿನ ಪಾತ್ರೆ, ಚಿತ್ರ ಬರೆಯುವುದು, ಇಂಥ ಕೈಕೆಲಸದ ಕ್ಲಾಸು ಆ ವಾರ ಇದೆಯೇ ನೋಡಿ. ಬಿಡುವಿದ್ದಾಗ ಟಗಾನಕ್ ಜಲಪಾತಕ್ಕೆ ಕರೆದುಕೊಂಡು ಹೋಗಿ. ಎತ್ತರ 215 ಅಡಿ. ನಯಾಗರಾಕ್ಕಿಂತ ಜಾಸ್ತಿ ಅಂತ ಇಲ್ಲಿಯವರು ಹೆಮ್ಮೆಪಡುತ್ತಾರೆ, ಜೋಗ ನೋಡಿದ ಅತ್ತೆಗೆ ಏನನ್ನಿಸುತ್ತದೋ! ಕೆಳಗಿನ ದಾರಿ ಮುಕ್ಕಾಲು ಮೈಲಿ, ಸಮತಟ್ಟಾಗಿದೆ, ಮಂಡಿನೋವಿದ್ದರೂ ಮೆಲ್ಲಗೆ ಹೋಗಬಹುದು. ಕ್ಯಾಂಪಸ್ ಮಾತ್ರ ಹಾಗಲ್ಲ, ಪೂರಾ ಏರಿಳಿತ. ನಾನು ಮೊದಲ ದಿನ ಚಪ್ಪಲಿ ಹಾಕಿಕೊಂಡು ಹೋಗಿ ಸಂಜೆಗೆ ಕಾಲಿಗೆ ಬೊಬ್ಬೆ.

ಊಟಕ್ಕೆ ತೊಂದರೆಯಿಲ್ಲ. 1973ರಿಂದ ನಡೆಯುತ್ತಿರುವ ಮೂಸ್‌ವುಡ್ ಅನ್ನುವ ಸಸ್ಯಾಹಾರಿ ಹೋಟೆಲ್ ಇಥಾಕಾದಲ್ಲೇ ಇದೆ. ಆದರೂ ಚಟ್ನಿಪುಡಿ, ಉಪ್ಪಿನಕಾಯಿ ಜೊತೆಗಿರಲಿ. ಹಾಸ್ಟೆಲ್ ರೂಮಿನಲ್ಲಿ ಉಳಿದರೆ ಕುಕ್ಕರ್ ಇಡುವ ಆಸೆ ಬಿಡಿ.

ಖರ್ಚು ಕಡಿಮೆಯೇನಲ್ಲ. ದೊಡ್ಡವರದು, ಮಗುವಿನದು, ರೂಮಿನದು ಎಲ್ಲ ಕೂಡಿಸಿ ನೋಡಿ ಆಮೇಲೆ ಮನಸ್ಸು ಮಾಡಿ. ಇಲ್ಲಿನ ಯೂನಿವರ್ಸಿಟಿಗಳು ಹಳೆಯವರನ್ನು ಹೀಗೆ ಪ್ರೀತಿಯಿಂದ ಕರೆಯುವುದರ ಹಿಂದೆ ದೇಣಿಗೆಯ ಲೆಕ್ಕವೂ ಇರುತ್ತದೆ, ಅಲ್ವಾ? ಈ ವರ್ಷ ಕೈ ಬಿಗಿ ಅನ್ನಿಸಿದರೆ ಊರಿನ ಲೈಬ್ರರಿಗೆ ಹೋಗಿ, ಸುಮ್ನೆ ಕೂತು ಕೇಳುವಂಥ ಉಪನ್ಯಾಸಗಳು ಅಲ್ಲೂ ಇರುತ್ತವೆ.

ನಮ್ಮ ನ್ಯೂಜೆರ್ಸಿಯಿಂದ ಇಥಾಕಾಕ್ಕೆ ಸ್ಕ್ರ್ಯಾಂಟನ್, ಬಿಂಗ್‌ಹ್ಯಾಮ್ಟನ್ ಮೇಲೆ ಸುಮಾರು ನಾಲ್ಕು ಗಂಟೆ ದಾರಿ. ಹಕ್ಕಿ ಕ್ಲಾಸು ತಗೊಂಡರೆ ಬೈನಾಕ್ಯುಲರ್ ಕೊಳ್ಳಬೇಡಿ. ನನ್ನದಿದೆ, ಹೊರಡುವ ಹಿಂದಿನ ದಿನ ಮನೆಗೆ ಬಂದು ಒಯ್ಯಿರಿ.