ಮಗುವಿನ ಅಕ್ಷಿಪಟಲದ ಸ್ಕ್ಯಾನ್ ಅಪಾಯಕಾರಿಯೇ?

ಒಂಬತ್ತು ವರ್ಷದ ಮಗಳಿಗೆ ಕನ್ನಡಕ ಹಾಕಿದರೂ ಕಪ್ಪು ಹಲಗೆಯ ಅಕ್ಷರ ಕಾಣುತ್ತಿಲ್ಲ, ಬೆಂಗಳೂರಿನ ವೈದ್ಯರು ಸ್ಟಾರ್‌ಗಾರ್ಟ್ (ಕಣ್ಣಿನ ಹಿಂಭಾಗದ ಪರದೆಯಾದ ಅಕ್ಷಿಪಟಲದ ನಡುಭಾಗ ಹಾಳಾಗುವ ಆನುವಂಶಿಕ ಕಾಯಿಲೆ) ಅನುಮಾನದಿಂದ ಓಸಿಟಿ, ಅಂದರೆ ಬೆಳಕಿನಿಂದ ಅಕ್ಷಿಪಟಲದ ಚಿತ್ರ ತೆಗೆಯುವ ಸ್ಕ್ಯಾನ್, ಬರೆದುಕೊಟ್ಟಿದ್ದಾರೆ ಎಂದಿದ್ದೀರಿ. ಧೈರ್ಯವಾಗಿ ಮಾಡಿಸಿ. ಇದರಲ್ಲಿ ಎಕ್ಸ್-ರೇ ಇಲ್ಲ, ಚುಚ್ಚುವುದಿಲ್ಲ, ಕಣ್ಣನ್ನು ಮುಟ್ಟುವುದೂ ಇಲ್ಲ.

ವೈದ್ಯರು ಕಣ್ಣಿನೊಳಗೆ ಬೆಳಕು ಹಾಯಿಸಿ ನೋಡಿದಾಗ ಆರಂಭದಲ್ಲಿ ಅಕ್ಷಿಪಟಲ ಚೆನ್ನಾಗಿಯೇ ಕಾಣಬಹುದು. ಎಷ್ಟೋ ಮಕ್ಕಳು ‘ಓದಲು ಸೋಮಾರಿ’ ಎಂಬ ಬೈಗುಳ ತಿನ್ನುವುದು ಇದರಿಂದಲೇ. ನನಗೆ ಬಹಳ ನೋವಾಗುವ ಸಂಗತಿಯಿದು. ಓಸಿಟಿ ಅಕ್ಷಿಪಟಲವನ್ನು ಈರುಳ್ಳಿ ಹೆಚ್ಚಿದಂತೆ ಪದರ ಪದರವಾಗಿ ತೋರಿಸುತ್ತದೆ. ನಟ್ಟನಡುವೆ ಬೆಳಕು ಗ್ರಹಿಸುವ ಕೋಶಗಳ ಗೆರೆ ಕಡಿದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಜೊತೆಗೆ ಆಟೋಫ್ಲೋರೆಸೆನ್ಸ್, ಅಂದರೆ ಅಕ್ಷಿಪಟಲದಲ್ಲಿರುವ ವಸ್ತು ತಾನಾಗಿ ಹೊಳೆಯುವುದನ್ನು ಸೆರೆಹಿಡಿಯುವ ಚಿತ್ರವನ್ನೂ ತೆಗೆಯಬಹುದು. ಈ ಕಾಯಿಲೆಗೆ ಕಾರಣವಾಗುವ ಎಬಿಸಿಎ4 ಜೀನ್ ಕೆಟ್ಟಾಗ ಕಣ್ಣಿನಲ್ಲಿ ಶೇಖರವಾಗುವ ಲಿಪೊಫಸಿನ್ ಎಂಬ ಕಸ ಅದರಲ್ಲಿ ಹೊಳೆಯುತ್ತದೆ, ಕೋಶ ಸತ್ತ ಜಾಗ ಕಪ್ಪಾಗಿ ಕಾಣುತ್ತದೆ. ಇದಕ್ಕೆ ನೀಲಿ ಬೆಳಕು ಬಳಸುವುದುಂಟು. ಈ ಕಾಯಿಲೆಯಲ್ಲಿ ಹೆಚ್ಚು ಬೆಳಕು ಅಕ್ಷಿಪಟಲಕ್ಕೆ ಒಳ್ಳೆಯದಲ್ಲ ಎಂಬ ಆತಂಕ ಇರುವುದರಿಂದ ಕಡಿಮೆ ಬೆಳಕಿನಲ್ಲಿ ತೆಗೆಯಲು ಸಾಧ್ಯವೇ ಎಂದು ಕೇಳಿ.

ಗದ್ದ ಊರಿ ಯಂತ್ರದೊಳಗಿನ ಚುಕ್ಕೆ ನೋಡು ಎಂದರೆ ಈ ಮಕ್ಕಳ ದೃಷ್ಟಿ ಸರಿಯುತ್ತದೆ, ಏಕೆಂದರೆ ಮಂಕಾಗಿರುವುದೇ ನಡುಭಾಗ. ಅವಸರಪಡಿಸಬೇಡಿ. ಬೆಂಗಳೂರಿನ ಸರ್ಕಾರಿ ಕಣ್ಣಿನ ಆಸ್ಪತ್ರೆಯಾದ ಮಿಂಟೊಗೆ ಹೋಗುವುದಾದರೂ ಬೆಳಿಗ್ಗೆಯೇ ಹೊರಡಿ. ದಣಿದ ಮಗು ಕಣ್ಣು ನಿಲ್ಲಿಸದು. ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಕೆಲವು ಗಂಟೆ ಮಂಜಾಗುತ್ತದೆ, ಬಿಸಿಲು ಚುಚ್ಚುತ್ತದೆ, ಟೋಪಿ ಒಯ್ಯಿರಿ.

ಸ್ಕ್ಯಾನ್ ನಂತರ ಜೀನ್ ಪರೀಕ್ಷೆಯೂ ಬೇಕಾಗುತ್ತದೆ. ಅಲ್ಲಿಯವರೆಗೆ ‘ಕಣ್ಣಿಗೆ ಒಳ್ಳೆಯದು’ ಎಂದು ವಿಟಮಿನ್ ಎ ಮಾತ್ರೆ ಕೊಡಬೇಡಿ. ಸ್ಟಾರ್‌ಗಾರ್ಟ್ ಆಗಿದ್ದರೆ ಅದು ಕಸವನ್ನು ಹೆಚ್ಚಿಸಬಹುದು. ಶಾಲೆಯಲ್ಲಿ ನಾಳೆಯಿಂದಲೇ ಮೊದಲ ಬೆಂಚು ಕೇಳಿ.